ಎಲ್ಲ ನವಜಾತ ಶಿಶುಗಳಿಗೂ ಕಿವಿ ಪರೀಕ್ಷೆ ಕಡ್ಡಾಯ ಮಾಡಿದರೆ ‘ರೆಫರ್’ ರಾಶಿ ಬೀಳುತ್ತಲ್ಲ?

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿ ಮಗುವಿಗೂ ಓಎಇ (ಕಿವಿಗೆ ಸಣ್ಣ ಶಬ್ದ ಕಳಿಸಿ ಒಳಕಿವಿಯಿಂದ ಬರುವ ಪ್ರತಿಧ್ವನಿ ಅಳೆಯುವ ಪರೀಕ್ಷೆ) ಮಾಡುವ ಯೋಚನೆಯಿದೆ. ಹುಟ್ಟಿದ ದಿನವೇ ಮಾಡಿದರೆ ಸುಮಾರು ಮಕ್ಕಳು ಫೇಲ್, ಅಂದರೆ ‘ರೆಫರ್’ (ಮರುಪರೀಕ್ಷೆ ಬೇಕು) ಆಗುತ್ತವೆ. ಯಂತ್ರದ ದೋಷವೇ?

ಆಡಿಯಾಲಜಿಸ್ಟ್: ಯಂತ್ರದ್ದಲ್ಲ ಸರ್, ಸಮಯದ್ದು. ಮೊದಲ 24 ಗಂಟೆ ಕಿವಿನಾಳದಲ್ಲಿ ಬಿಳಿ ಜಿಡ್ಡು, ಒಳಗೆ ನೀರು ಇರುತ್ತೆ. ಡಿಸ್ಚಾರ್ಜ್‌ಗೆ ಮುಂಚೆ, ಹಾಲು ಕುಡಿದು ಮಲಗಿದಾಗ ಮಾಡಿ. ಕಿವಿಯ ಹಾಲೆಯನ್ನು ಮೆಲ್ಲಗೆ ಕೆಳಕ್ಕೆ, ಹಿಂದಕ್ಕೆ ಎಳೆದರೆ ನಾಳ ತೆರೆದುಕೊಳ್ಳುತ್ತೆ. ಯಂತ್ರದ ಟಿಪ್ (ಕಿವಿಯೊಳಗೆ ಇಡುವ ಮೃದು ತುದಿ) ಬಿಗಿಯಾಗಿ ಕೂರಬೇಕು. ಹೊರತೆಗೆದಾಗ ಟಿಪ್ ತುದಿಯಲ್ಲಿ ಜಿಡ್ಡು ಅಂಟಿದ್ದರೆ ಬದಲಿಸಿ ಇನ್ನೊಮ್ಮೆ ನೋಡಿ, ಅಷ್ಟೇ. ‘ಪಾಸ್’ ಬರೋವರೆಗೂ ಹತ್ತು ಸಲ ಒತ್ತುವುದು ಮೋಸ. ಸುಮ್ಮನೆ ಅದೃಷ್ಟಕ್ಕೆ ಪಾಸ್ ಬಂದುಬಿಡುತ್ತೆ.

ಮಕ್ಕಳ ತಜ್ಞೆ: ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) 5 ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಓಎಇ ಒಂದೇ ಸಾಲದು. ಅದು ಕಾಕ್ಲಿಯಾದ (ಶಬ್ದ ಗ್ರಹಿಸುವ ಒಳಕಿವಿಯ ಭಾಗ) ಕೂದಲು ಕೋಶಗಳನ್ನಷ್ಟೇ ಪರೀಕ್ಷಿಸುತ್ತೆ. ಕಾಮಾಲೆ ವಿಪರೀತವಾಗಿ ರಕ್ತ ಬದಲಿಸಿದ ಮಕ್ಕಳಲ್ಲಿ ನರದ ತೊಂದರೆ ಇದ್ದರೂ ಓಎಇ ಪಾಸ್ ಆಗಬಹುದು. ಅವರಿಗೆ ಎಬಿಆರ್ (ಶಬ್ದಕ್ಕೆ ಶ್ರವಣ ನರ, ಮಿದುಳುಕಾಂಡ ಕೊಡುವ ಪ್ರತಿಕ್ರಿಯೆ ಅಳೆಯುವ ಪರೀಕ್ಷೆ) ಬೇಕೇ ಬೇಕು.

ಇನ್ನೊಬ್ಬ ಆಡಿಯಾಲಜಿಸ್ಟ್: ಕಡ್ಡಾಯ ಅಂತ ಆದೇಶ ಹೊರಡಿಸುವುದು ಸುಲಭ, ಮರುಪರೀಕ್ಷೆಗೆ ಕರೆತರುವುದೇ ಕಷ್ಟ. 1 ತಿಂಗಳೊಳಗೆ ಸ್ಕ್ರೀನಿಂಗ್, 3ರೊಳಗೆ ಖಚಿತ ರೋಗನಿರ್ಣಯ, 6ರೊಳಗೆ ಶ್ರವಣ ಸಾಧನ ಅಥವಾ ತರಬೇತಿ ಶುರು. ತಾಯಿ ಕಾರ್ಡಿನಲ್ಲೇ ಎರಡೂ ಕಿವಿಯ ಫಲಿತಾಂಶ, ಮುಂದಿನ ತಾರೀಖು ಬರೆಯಿರಿ. ತಪ್ಪಿಸಿಕೊಂಡವರನ್ನು 6ನೇ ವಾರದ ಲಸಿಕೆಗೆ ಬಂದಾಗ ಹಿಡಿಯಬಹುದು. ‘ರೆಫರ್’ ಅಂದರೆ ಕಿವುಡು ಅಲ್ಲ ಅಂತ ಅಜ್ಜಿಗೂ ಹೇಳಿ. ‘ಚಪ್ಪಾಳೆಗೆ ಬೆಚ್ಚುತ್ತಲ್ಲ’ ಅಂತ ನಿಲ್ಲಿಸಿಬಿಡುವವರು ಅವರೇ. ಖಚಿತ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.