ಹಳೆ ಸರ್ವರ್‌ನ ಎಲ್‌ಡಿಫ್ ಹೊಸ ಓಪನ್‌ಎಲ್‌ಡ್ಯಾಪ್‌ಗೆ ಹೋಗ್ತಿಲ್ಲ, ದೋಷ 19

ಲ್ಯಾಬ್‌ಮೇಷ್ಟ್ರು:
ನಮಸ್ಕಾರ. ನಮ್ಮ ಕಾಲೇಜಿನ ಲ್ಯಾಬ್ ಲಾಗಿನ್ ಉಬುಂಟು 20.04ರ ಓಪನ್‌ಎಲ್‌ಡ್ಯಾಪ್ 2.4ರ (ಬಳಕೆದಾರರ ಹೆಸರು, ಪಾಸ್‌ವರ್ಡ್ ಇಡುವ ಸರ್ವರ್) ಮೇಲೆ ನಡೆಯುತ್ತಿದೆ. ಈಗ 22.04 ಹಾಕಿದ ಹೊಸ ಯಂತ್ರಕ್ಕೆ ಎಲ್ಲವನ್ನೂ ಸಾಗಿಸಬೇಕು. ಹಳೆಯದರಲ್ಲಿ ಸ್ಲ್ಯಾಪ್‌ಕ್ಯಾಟ್ ಓಡಿಸಿ ಎಲ್‌ಡಿಫ್ (ಎಲ್ಲ ಎಂಟ್ರಿಗಳ ಪಠ್ಯ ಕಡತ) ತೆಗೆದೆ. ಹೊಸದರಲ್ಲಿ ಅದನ್ನು ಸೇರಿಸಲು ಎಲ್‌ಡ್ಯಾಪ್‌ಆಡ್ ಕೊಟ್ಟರೆ ‘ಸ್ಟ್ರಕ್ಚರಲ್‌ಆಬ್ಜೆಕ್ಟ್‌ಕ್ಲಾಸ್: ನೋ ಯೂಸರ್ ಮಾಡಿಫಿಕೇಷನ್ ಅಲೌಡ್’ ಅಂತ ದೋಷ 19 ಕೊಟ್ಟು ನಿಲ್ಲುತ್ತದೆ. ಕನ್ನಡದಲ್ಲಿದ್ದ ಹೆಸರುಗಳೂ ಕಡತದಲ್ಲಿ ಏನೇನೋ ಇಂಗ್ಲಿಷ್ ಅಕ್ಷರಗಳಾಗಿವೆ. ಸೋಮವಾರ ಇಂಟರ್ನಲ್ಸ್ ಬೇರೆ ಇದೆ.

ಅರಳಿಕಟ್ಟೆ:
ಸುಲಭ ಸರ್. ಸ್ಟ್ರಕ್ಚರಲ್‌ಆಬ್ಜೆಕ್ಟ್‌ಕ್ಲಾಸ್, ಎಂಟ್ರಿಯುಯುಐಡಿ, ಎಂಟ್ರಿಸಿಎಸ್‌ಎನ್, ಕ್ರಿಯೇಟರ್ಸ್‌ನೇಮ್ ಇಂಥ ಸಾಲುಗಳನ್ನೆಲ್ಲ ಸೆಡ್‌ ಆಜ್ಞೆಯಲ್ಲಿ ಅಳಿಸಿ. ಆಮೇಲೆ ಮೈನಸ್ ಸಿ ಹಾಕಿ ಎಲ್‌ಡ್ಯಾಪ್‌ಆಡ್ ಕೊಡಿ, ದೋಷ ಬಂದರೂ ಮುಂದಕ್ಕೆ ಹೋಗುತ್ತದೆ.

ಕರಿಪರದೆ:
ಬೇಡ ಮೇಷ್ಟ್ರೇ, ಸೆಡ್ ಮುಟ್ಟಬೇಡಿ. ಎಲ್‌ಡಿಫ್‌ನಲ್ಲಿ ಉದ್ದದ ಸಾಲು ಮಡಚಿಕೊಳ್ಳುತ್ತದೆ. ಒಂದು ಸ್ಪೇಸ್‌ನಿಂದ ಶುರುವಾಗುವ ಸಾಲು ಹಿಂದಿನದರ ಬಾಲ. ತಲೆ ಅಳಿಸಿದರೆ ಬಾಲ ಅದರ ಮೇಲಿನ ಸಾಲಿಗೆ ಅಂಟಿಕೊಂಡು ಅದನ್ನೂ ಕೆಡಿಸುತ್ತದೆ. ಇನ್ನು ಮೈನಸ್ ಸಿ ಹಾಕಿ ಕಣ್ಣು ಮುಚ್ಚಿಕೊಂಡರೆ ಯಾರು ಬಿಟ್ಟುಹೋದರು ಅಂತ ಪರೀಕ್ಷೆಯ ದಿನವೇ ಗೊತ್ತಾಗುವುದು.

ಎಂಟ್ರಿಯುಯುಐಡಿ ಕಸ ಅಲ್ಲ, ಅದು ಪ್ರತಿ ಎಂಟ್ರಿಯ ಗುರುತು ಸಂಖ್ಯೆ. ಕಡತ ಹಂಚಿಕೆಯ ನೆಕ್ಸ್ಟ್‌ಕ್ಲೌಡ್ ತಂತ್ರಾಂಶ, ಸುಮ್ನೆ ಬಿಟ್ಟರೆ, ಬಳಕೆದಾರನ ಒಳಹೆಸರಾಗಿ ಅದನ್ನೇ ಇಟ್ಟುಕೊಳ್ಳುತ್ತದೆ. ಎಲ್‌ಡ್ಯಾಪ್‌ಆಡ್ ಓಡುತ್ತಿರುವ ಸರ್ವರ್‌ನ ಮುಂಬಾಗಿಲಿಂದ ಹೋಗುತ್ತದೆ. ಅಲ್ಲಿ ಆ ಸಾಲುಗಳನ್ನು ಬರೆಯುವುದು ಸರ್ವರ್ ಮಾತ್ರ, ಅದಕ್ಕೇ 19. ಸ್ಲ್ಯಾಪ್‌ಕ್ಯಾಟ್‌ನಲ್ಲಿ ತೆಗೆದದ್ದನ್ನು ಸ್ಲ್ಯಾಪ್‌ಆಡ್‌ನಲ್ಲೇ ಹಾಕಬೇಕು. ಅದು ನೇರ ಡೇಟಾಬೇಸ್ ಕಡತಕ್ಕೇ ಬರೆಯುತ್ತದೆ, ಹಳೆಯ ಯುಯುಐಡಿ ಹಾಗೇ ಉಳಿಯುತ್ತದೆ.

ಮೊದಲು ಹೊಸ ಯಂತ್ರದಲ್ಲಿ ಸ್ಲ್ಯಾಪ್‌ಡಿ (ಅದೇ ಓಪನ್‌ಎಲ್‌ಡ್ಯಾಪ್ ಸರ್ವರ್) ನಿಲ್ಲಿಸಿ. ಪ್ಯಾಕೇಜ್ ಹಾಕುವಾಗಲೇ ಬುಡದ ಎಂಟ್ರಿ ಒಂದು ಹುಟ್ಟಿರುತ್ತದೆ. ಹಾಗಾಗಿ ವಾರ್ ಒಳಗಿನ ಲಿಬ್, ಅದರೊಳಗಿನ ಎಲ್‌ಡ್ಯಾಪ್ ಫೋಲ್ಡರ್‌ನ ಎರಡು ಎಂಡಿಬಿ (ಡೇಟಾಬೇಸ್) ಕಡತಗಳನ್ನು ಬೇರೆ ಕಡೆ ಸರಿಸಿ, ಇಲ್ಲದಿದ್ದರೆ ‘ಆಲ್ರೆಡಿ ಎಗ್ಜಿಸ್ಟ್ಸ್’ ಅನ್ನುತ್ತದೆ. ಸ್ಲ್ಯಾಪ್‌ಆಡ್‌ಗೆ ಮೈನಸ್ ಯು ಕೊಟ್ಟು ಒಮ್ಮೆ ಒಣ ಓಟ (ಏನೂ ಬರೆಯದ ಪರೀಕ್ಷೆ) ಓಡಿಸಿ. ಆಮೇಲೆ ನಿಜವಾದದ್ದು, ಮೈನಸ್ ಎನ್ 1 (ಯಾವ ಡೇಟಾಬೇಸ್ ಅಂತ), ಮೈನಸ್ ಎಲ್ ಕಡತದ ಹೆಸರು. ಮೈನಸ್ ಕ್ಯೂ ಹಾಕಿದರೆ ವೇಗ ಜಾಸ್ತಿ, ಆದರೆ ನಡುವೆ ನಿಂತರೆ ಡೇಟಾಬೇಸ್ ಕೆಟ್ಟಿತು ಅಂತಲೇ ಲೆಕ್ಕ. ಒಂದು ಕಾಲೇಜಿನಷ್ಟು ಹೆಸರಿಗೆ ಆ ಅವಸರ ಯಾಕೆ?

ರೂಟ್ ಆಗಿ ಓಡಿಸಿದರೆ ಕಡತಗಳ ಒಡೆಯನೂ ರೂಟ್ ಆಗುತ್ತಾನೆ. ಚೌನ್ ಮಾಡಿ ಓಪನ್‌ಎಲ್‌ಡ್ಯಾಪ್ ಬಳಕೆದಾರನಿಗೆ ಕೊಡಿ, ಆಮೇಲೆ ಸ್ಲ್ಯಾಪ್‌ಡಿ ಎಬ್ಬಿಸಿ. ಹಳೆಯ ಕಾನ್ಫಿಗ್ ಅನ್ನು ಮಾತ್ರ ತರಬೇಡಿ. ಅದರಲ್ಲಿ ಎಚ್‌ಡಿಬಿ (ಹಳೆಯ ಬಗೆಯ ಡೇಟಾಬೇಸ್) ಇದ್ದರೆ ಹೊಸ ಯಂತ್ರದ ಓಪನ್‌ಎಲ್‌ಡ್ಯಾಪ್ 2.5 ಅದನ್ನು ಗುರುತಿಸುವುದೇ ಇಲ್ಲ, ಕಿತ್ತುಹಾಕಿದ್ದಾರೆ. ನೀವೇ ಸೇರಿಸಿದ ಸ್ಕೀಮಾ (ಎಂಟ್ರಿಯಲ್ಲಿ ಯಾವ ಸಾಲು ಇರಬಹುದು ಎಂಬ ನಿಯಮ) ಇದ್ದರೆ ಹೊಸದರಲ್ಲಿ ಮೊದಲೇ ಹಾಕಿಕೊಳ್ಳಿ.

ಕನ್ನಡ ಹೆಸರು ಕೆಟ್ಟಿಲ್ಲ. ಹೆಸರಿನ ಸಾಲಾದ ‘ಸಿಎನ್’ ಮುಂದೆ ಎರಡು ಕೋಲನ್ ಇದೆಯಲ್ವಾ? ಅದು ಬೇಸ್64, ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೀತಿ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಗುರುತಿಗೂ 3 ಬೈಟ್, ಬೇಸ್64ರಲ್ಲಿ ಅದು 4 ಅಕ್ಷರ. ಮಂಜುನಾಥ ಅಂದರೆ 28 ಅಕ್ಷರ. ಒಳಗೆ ಹೋದ ಮೇಲೆ ಮತ್ತೆ ಮಂಜುನಾಥನೇ.

ಆ ಕಡತದಲ್ಲಿ ಎಲ್ಲರ ಪಾಸ್‌ವರ್ಡ್ ಹ್ಯಾಶ್ ಇದೆ. ಪೆನ್‌ಡ್ರೈವ್‌ನಲ್ಲಿ ಲ್ಯಾಬ್ ತುಂಬ ಓಡಾಡಿಸಬೇಡಿ.

ಲ್ಯಾಬ್‌ಮೇಷ್ಟ್ರು:
ಒಳಗೆ ಹೋಯಿತು ಸರ್, ಲಾಗಿನ್ನೂ ಆಗುತ್ತಿದೆ! ಫಸ್ಟ್ ಇಯರ್ ಹುಡುಗರ ಪಟ್ಟಿ ಎಕ್ಸೆಲ್‌ನಲ್ಲಿದೆ. ಅದಕ್ಕೂ ಸ್ಲ್ಯಾಪ್‌ಆಡ್ ಅಲ್ವಾ?

ಕರಿಪರದೆ:
ಅಲ್ಲ, ಅದಕ್ಕೆ ಎಲ್‌ಡ್ಯಾಪ್‌ಆಡ್, ಸರ್ವರ್ ಓಡುತ್ತಿರಲಿ. ಅವರು ಹೊಸಬರು, ಯುಯುಐಡಿಯನ್ನು ಸರ್ವರ್ರೇ ಕೊಡಲಿ. ಬ್ಯಾಚಿಗೆ ಬೇರೆ ಓಯು (ಗುಂಪಿನ ಎಂಟ್ರಿ) ಇದ್ದರೆ ಅದು ಕಡತದಲ್ಲಿ ಹುಡುಗರಿಗಿಂತ ಮೇಲೆ ಬರಬೇಕು, ಇಲ್ಲದಿದ್ದರೆ ದೋಷ 32, ಮೇಲಿನ ಎಂಟ್ರಿಯೇ ಇಲ್ಲ ಅಂತ. ಎಂಟ್ರಿಗಳ ನಡುವೆ ಒಂದು ಖಾಲಿ ಸಾಲು. ದೋಷ 21 (ಬರೆದ ರೀತಿ ಸರಿಯಿಲ್ಲ) ಬಂದರೆ ಆಬ್ಜೆಕ್ಟ್‌ಕ್ಲಾಸ್ ಸಾಲಿನ ಕೊನೆಯಲ್ಲಿ ಸ್ಪೇಸ್ ಉಳಿದಿದೆಯಾ ನೋಡಿ. ಎಕ್ಸೆಲ್‌ನಿಂದ ಅಂಟಿಸಿದಾಗ ಅದು ಉಳಿದುಬಿಡುವುದುಂಟು.