ಅತ್ತೆ ಮೊದಲ ಸಲ ಮುಂಬೈಗೆ ಬರ್ತಿದ್ದಾರೆ: ಊಟ, ಓಡಾಟ, ಹೊತ್ತು ಹೋಗೋದು ಹೇಗೆ?

ಮಂಡ್ಯದ ಮಗಳು, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಮುಗಿಸ್ಕೊಂಡು ನಮ್ಮತ್ತೆ ಡೊಂಬಿವಲಿಗೆ ಬರ್ತಿದ್ದಾರೆ. ಊರು ಮುಧೋಳದ ಹತ್ತಿರ ಒಂದು ಹಳ್ಳಿ, ವಯಸ್ಸು ಎಪ್ಪತ್ತರ ಆಸುಪಾಸು. ಇಷ್ಟು ವರ್ಷ ಎಷ್ಟು ಕರೆದರೂ ಹೊಲ, ಎಮ್ಮೆ ಅಂತ ಬಂದೇ ಇರಲಿಲ್ಲ. ಮಾವ ತೀರ್ಕೊಂಡ ಮೇಲೆ ಹೊಲ ಲಾವಣಿಗೆ ಹಾಕಿ, ಎಮ್ಮೆ ಮಾರಿದ್ದಾರೆ. "ಇನ್ನ ಮನಿಯಾಗ ನಂದೇನ ಕೆಲಸ ಐತಿ" ಅಂತ ಈಗ ಒಪ್ಪಿದ್ದಾರೆ. ಆ ಮಾತು ಕೇಳಿದಾಗಿಂದ ನನಗೆ ಸಮಾಧಾನ ಇಲ್ಲ.

ನನಗೆ ತಾಯಿ ಇಲ್ಲ. ಬಾಣಂತನ ಎಲ್ಲಾ ಮಾಡಿದ್ದು ಇದೇ ಅತ್ತೆ, ಅವರ ಹಳ್ಳಿಮನೇಲಿ. ರಾತ್ರಿ ಮಗು ಎದ್ದರೆ ನನ್ನ ಎಬ್ಬಿಸದೆ ತಾವೇ ತೊಡೆ ಮೇಲೆ ಹಾಕ್ಕೊಂಡು ಗೋಡೆಗೆ ಒರಗಿ ಕೂತಿರ್ತಿದ್ದರು. ಅಂಟಿನುಂಡೆ ಡಬ್ಬ ಖಾಲಿಯಾಗಕ್ಕೆ ಬಿಡ್ತಿರಲಿಲ್ಲ. ಈಗ ಅವರನ್ನ ನೋಡ್ಕೊಳ್ಳೋ ಕಾಲ ನನಗೆ ಬಂದಿದೆ, ಚೆನ್ನಾಗಿ ನೋಡ್ಕೋಬೇಕು.

ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಅವರಿಗೆ ಮಂಡಿನೋವು. ಯಜಮಾನರು ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಬರೋದು. ನಾನು ಇಲ್ಲೇ ಹತ್ತಿರದ ಆಫೀಸಲ್ಲಿ ಲೆಕ್ಕಪತ್ರ ನೋಡ್ತೀನಿ, ನಾಲ್ಕಕ್ಕೆಲ್ಲಾ ಮನೇಲಿರ್ತೀನಿ. ಮಗ ಐದನೇ ಕ್ಲಾಸು, ಬಾಯಿ ತೆಗೆದರೆ ಮರಾಠಿ ಹಿಂದಿ. ಕನ್ನಡ ಅರ್ಥ ಆಗುತ್ತೆ, ಮಾತಾಡಕ್ಕೆ ನಾಚ್ಕೊತಾನೆ. ಅತ್ತೆಗೆ ಮರಾಠಿ ಕೇಳಿದರೆ ಅಲ್ಪಸ್ವಲ್ಪ ತಿಳಿಯುತ್ತೆ, ಅಷ್ಟೆ. ನಾನು ಮುದ್ದೆ ತಿಂದು ಬೆಳೆದವಳು, ಜೋಳದ ರೊಟ್ಟಿ ಬಡಿಯೋ ಕೈ ನನಗಿಲ್ಲ. ಅವರಿಗೆ ಅದಿಲ್ಲದೆ ಊಟ ಆಗಲ್ಲ.

ಎಲ್ಲಿಗೆ ಕರ್ಕೊಂಡು ಹೋಗಲಿ? ಹಗಲಲ್ಲಿ ಒಬ್ಬರೇ ಹೇಗಿರ್ತಾರೆ? ಇಂಥವರನ್ನ ಮನೇಲಿ ಇಟ್ಕೊಂಡು ಅನುಭವ ಇರೋರು ದಯವಿಟ್ಟು ಬರೀರಿ.

ವಿಜಾಪುರದಾಕಿ, ಕಲ್ಯಾಣ

ತಂಗಿ, ಮೊದಲ ರೊಟ್ಟಿ ಮಾತು ಮುಗಸೂಣು. ಪಾಕೀಟಿನ ಹಿಟ್ಟು ತರಬ್ಯಾಡ. ಜೋಳದ ಹಿಟ್ಟು ಬೀಸಿ ಬಾಳ ದಿನ ಆತಂದ್ರ ಜಿಗಿ ಹೋಗ್ತೈತಿ, ಕಹಿ ಬರ್ತೈತಿ, ಬಡಿಯುವಾಗ ಅಂಚು ಸೀಳತಾವ. ಮಾಲದಂಡಿ ಜೋಳ ಅಂತ ಕೇಳಿ ತಗೋ, ಸೊಲ್ಲಾಪುರ, ಮಂಗಳವೇಢಾ ಕಡಿಂದ ಬರ್ತೈತಿ. ಮಂಗಳವೇಢಾ ಜೋಳಕ್ಕ 2016ರಾಗ ಜಿಐ ಗುರುತು, ಅಂದ್ರ ಆ ಊರಿಂದ ಅಂತ ಸರಕಾರದ ಮುದ್ರಿ, ಸಿಕ್ಕೈತಿ, ಅಷ್ಟು ಚಲೋ ಕಾಳು. ಗಿರಣಿಯವಗ ಬ್ಯಾರೆಯವರ ಜೋಳ ಇಲ್ಲಾ ಸಜ್ಜಿ ಬೀಸಿದ ಮ್ಯಾಲ ನಿಂದು ಹಾಕಂತ ಹೇಳು. ಗೋದಿ ಆದ ಮ್ಯಾಲ ಹಾಕಿದ್ರ ಗೋದಿಹಿಟ್ಟು ಕೂಡತೈತಿ, ರೊಟ್ಟಿ ಕೆಡತೈತಿ. ಎಂಟು ದಿನಕ್ಕ ಸಾಲೂವಷ್ಟ ಬೀಸಿಸು.

ಹಿಟ್ಟಿನ ನಡುವ ಕುಣಿ ಮಾಡಿ ಕುದಿಯೂ ಎಸರು ಹಾಕು, ಚಮಚದ್ಲೆ ಕಲಸು. ಕೈ ತಾಳೂವಷ್ಟು ಬಿಸಿ ಇದ್ದಾಗ ಅಂಗೈ ಬುಡದ್ಲೆ ತಿಕ್ಕಿ ತಿಕ್ಕಿ ನಾದು. ಒಂದ ರೊಟ್ಟಿಗೆ ಬೇಕಾದಷ್ಟ ನಾದಕೋ, ಎಲ್ಲಾ ಒಮ್ಮೆಲೆ ನಾದಿಟ್ರ ಒಣಗತೈತಿ. ಹಂಚು ಚಲೋ ಕಾದಿರಬೇಕು. ಒಣಹಿಟ್ಟು ಇದ್ದ ಮಗ್ಗಲ ಮ್ಯಾಲ ಬರೂ ಹಂಗ ಹಾಕಿ ಒದ್ದಿ ಅರಿವಿಲೆ ನೀರು ಸವರು, ನೀರು ಪೂರಾ ಆರೂಕಿಂತ ಮೊದಲ ತಿರುವಿ ಹಾಕು. ನೀರು ಆರಿದ ಮ್ಯಾಲ ತಿರುವಿದ್ರ ರೊಟ್ಟಿ ಉಬ್ಬೂದಿಲ್ಲ.

ಇಷ್ಟೆಲ್ಲಾ ಹೇಳಿದ್ದು ನಿನಗ ಗೊತ್ತಿರಲಿ ಅಂತ. ಎರಡನೇ ದಿನಾನ ನಿಮ್ಮತ್ತಿ ಒಲಿ ಮುಂದ ಬಂದು ನಿಂದರತಾರ. ಬರಲಿ. "ನೀವು ಕುಂದರ್ರಿ ಅತ್ತಿ, ನಾ ಮಾಡ್ತೀನಿ" ಅಂತ ಒಟ್ಟ ಅನಬ್ಯಾಡ. ಅವರು ಏನಂದಾರ ನೋಡು, "ನಂದೇನ ಕೆಲಸ ಐತಿ" ಅಂದಾರ. ಗಂಡ ಹೋಗ್ಯಾನ, ಎಮ್ಮಿ ಹೋಗೇತಿ, ಹೊಲ ಮಂದಿ ಕೈಯಾಗ ಐತಿ. ಅಂಥಾಕಿನ್ನ ಸೋಫಾದ ಮ್ಯಾಲ ಕುಂದರಿಸಿ ತಾಟು ಕೈಯಾಗ ಕೊಟ್ರ ಅದು ಮರ್ಯಾದಿ ಅಲ್ಲವಾ, ಆಕಿನ್ನ ಮನಿಗೆ ಬಂದ ಪಾಹುಣಿ, ಅತಿಥಿ ಮಾಡಿದಂಗ.

ನಮ್ಮ ಅಪ್ಪ ತೀರಕೊಂಡ ವರ್ಷ ನಮ್ಮವ್ವನ್ನ ಇಲ್ಲಿಗೆ ಕರಕೊಂಡು ಬಂದಿದ್ದೆ. ಕಿಡಕಿ ಮುಂದ ಕುಂತಾಕಿ ಏಳತಿದ್ದಿಲ್ಲ. ಒಂದಿನ ನನ್ನ ಹಳೀ ಸೀರಿ ಗಂಟು ಕಟ್ಟಿ ಭಾಂಡಿ ಮಾರಾಕಿಗೆ ಹಾಕಾಕ ಇಟ್ಟಿದ್ದೆ, ಅದನ್ನ ನೋಡಿ "ಇವನ್ಯಾಕ ಒಗೀತಿ, ಕೌದಿ ಹೊಲೀತೀನಿ" ಅಂದಳು. ಅವತ್ತ ಗ್ಯಾಲರಿಯೊಳಗ ಚಾಪಿ ಹಾಸಿ ಅರಿವಿ ಪದರ ಪದರ ಇಟ್ಟು ಶುರು ಮಾಡಿದಳು. ಆಕಿಗೆ ಸೂಜಿಯೊಳಗ ದಾರ ಪೋಣಸಾಕ ಕಣ್ಣು ಕಾಣಸ್ತಿದ್ದಿಲ್ಲ, ಸಾಲಿಯಿಂದ ಬಂದ ಹುಡುಗ್ರು ಪೋಣಿಸಿ ಪೋಣಿಸಿ ಕೊಡ್ತಿದ್ರು. ಮಗ್ಗಲ ಮನಿ ಮರಾಠಿ ಆಜಿ ಬಂದು ನೋಡಿದ್ರು. ಅವರ ಕಡೆ ಕೌದಿಗೆ ಗೋಧಡಿ ಅಂತಾರ, ಕೆಲಸ ಒಂದ. ಮರುದಿನ ಅವರೂ ತಮ್ಮ ನೂಲಿನ ಸೀರಿ ತಂದು ಎದುರಿಗೆ ಕುಂತ್ರು. ಅಕಿ ಕನ್ನಡದಾಗ, ಇಕಿ ಮರಾಠಿಯೊಳಗ, ಸಂಜಿತನಾ ಮಾತು. ಹೊಲಿಗಿ ಟಾಕಿ ಸಣ್ಣ ಬಿತ್ತೋ ದೊಡ್ಡದು ಬಿತ್ತೋ ಅಂತ ಇಬ್ಬರೂ ಒಬ್ಬರದು ಒಬ್ಬರು ತಪಾಸ ಮಾಡೂದು ಬ್ಯಾರೆ. ಅವ್ವ ಊರಿಗೆ ಹೋದ ಮ್ಯಾಲೂ ಆ ಆಜಿ ಅಕಿ ಜೋಡಿ ಫೋನಿನ್ಯಾಗ ಮಾತಾಡ್ತಾರ.

ಊರು ತೋರಸು, ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲ ಕೈಗೆ ಕೆಲಸ ಕೊಡು, ಮಾತಾಡಾಕ ಒಬ್ಬರನ್ನ ಹುಡುಕು.

ವಡಾಲದ ಅಜ್ಜ

ಮಗಳೇ, ನಾನು ಉಡುಪಿ ಕಡೆಯವ. ಹುಡುಗನಾಗಿದ್ದಾಗ ಬಂದು ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಇಲ್ಲಿಯೇ ನೆಲೆ ಕಂಡವ. ಊರಿಂದ ಬಂದ ಹಿರಿಯರನ್ನು ಸುತ್ತಾಡಿಸುವುದೆಂದರೆ ನನಗೆ ಬಹಳ ಖುಷಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ರೈಲಿನ ವಿಷಯ. ಬಾಗಲಕೋಟೆಯಿಂದ ವಿಜಯಪುರ, ಸೊಲ್ಲಾಪುರದ ಮೇಲೆ ಮುಂಬೈಗೆ ಬರುವ ಗಾಡಿ ಕಲ್ಯಾಣದಲ್ಲಿ ನಿಲ್ಲುತ್ತದೆ, ಇನ್ನೂ ಕತ್ತಲಿರುವಾಗಲೇ. ನೀವು ಡೊಂಬಿವಲಿಯವರು, ಕಲ್ಯಾಣದಲ್ಲೇ ಇಳಿಸಿಕೊಳ್ಳಿ. ಮುಂಬೈಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗೆ ಹೋಗಿ ವಾಪಸ್ ಬರುವ ಕಷ್ಟ ಬೇಡ. ನಿಮ್ಮ ಯಜಮಾನರು ಪ್ಲಾಟ್‌ಫಾರಂನಲ್ಲಿ ಬೋಗಿಯ ಎದುರಿಗೇ ನಿಂತಿರಲಿ, ಅಮ್ಮ ಇಳಿದು ಹುಡುಕುವ ಹಾಗೆ ಆಗಬಾರದು.

ಬಂದ ಮೇಲೆ ವಡಾಲದ ವಿಠ್ಠಲ ಮಂದಿರಕ್ಕೆ ಒಮ್ಮೆ ಕರೆತನ್ನಿ. ಪ್ರತಿ ಪಂಢರಪುರ ಅಂತಲೇ ಇದಕ್ಕೆ ಹೆಸರು. ಆಷಾಢ ಏಕಾದಶಿಗೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ, ಜನವರಿಯ ಮಾಮೂಲಿ ದಿನಗಳಲ್ಲಿ ಆರಾಮವಾಗಿ ಕೂತು ದರ್ಶನ ಮಾಡಬಹುದು. ಮುಧೋಳ ಕಡೆಯವರಿಗೆ ವಿಠ್ಠಲನ ಮೇಲೆ ಎಷ್ಟು ಪ್ರೀತಿ ಅಂತ ನಾನು ಕಂಡಿದ್ದೇನೆ.

ಅಲ್ಲಿಂದ ಮಾಟುಂಗಾ ಹತ್ತಿರ. ಹೂವಿನ ಅಂಗಡಿ ಸಾಲು, ಬಾಳೆಎಲೆ, ತರಕಾರಿ, ಫಿಲ್ಟರ್ ಕಾಫಿಯ ಪರಿಮಳ. ಮಾಟುಂಗಾ ಸ್ಟೇಷನ್ ಎದುರಿಗೇ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಉಂಟು. ಬಾಳೆಎಲೆ ಊಟ. ಮೆಟ್ಟಿಲು ಒಂದು ಮಹಡಿಯಷ್ಟೇ, ನಿಧಾನ ಹತ್ತಿಸಿ. ಅಮ್ಮನಿಗೆ ನಮ್ಮ ಕರಾವಳಿಯ ಸಾರು ಹುಳಿ ಸ್ವಲ್ಪ ಸಪ್ಪೆ ಅನಿಸಬಹುದು, ಕೈಚೀಲದಲ್ಲಿ ಶೇಂಗಾ ಹಿಂಡಿ ಇಟ್ಟುಕೊಂಡು ಬರಲಿ, ಯಾರೂ ಏನೂ ಅನ್ನುವುದಿಲ್ಲ.

ಅಲ್ಲೇ ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್, 1926ರಲ್ಲಿ ಹುಟ್ಟಿದ ಸಂಸ್ಥೆ. ಮಾಹಿಮ್ ಕಡೆ ಕರ್ನಾಟಕ ಸಂಘ. ಎರಡು ಕಡೆಯೂ ಕನ್ನಡದ ಕಾರ್ಯಕ್ರಮ ನಡೆಯುತ್ತಿರುತ್ತದೆ, ಮುಂಚೆಯೇ ಫೋನ್ ಮಾಡಿ ಕೇಳಿ. ಮಳೆಗಾಲವಾಗಿದ್ದರೆ ಊರಿನ ಯಕ್ಷಗಾನ ಮೇಳಗಳು ಮುಂಬೈ ತಿರುಗಾಟಕ್ಕೆ ಬಂದಿರುತ್ತಿದ್ದವು, ಈಗ ಅವುಗಳಿಗೆ ಊರಿನಲ್ಲೇ ಆಟದ ಕಾಲ.

ಇನ್ನೊಂದು ದಿನ ರಾಣಿಬಾಗ್ ಮೃಗಾಲಯ. ಭಾಯಖಳಾದಲ್ಲಿ ಇಳಿದರೆ ಆಯಿತು, ಫಾಸ್ಟ್ ಲೋಕಲ್ ನಿಲ್ಲುತ್ತದೆ. ಸಮತಟ್ಟು ನೆಲ, ಹಳೆಯ ಮರಗಳ ನೆರಳು, ಅಲ್ಲಲ್ಲಿ ಬೆಂಚು. ಪೆಂಗ್ವಿನ್ ನೋಡಲಿಕ್ಕೆ ಮೊಮ್ಮಗನೂ ಬರುತ್ತಾನೆ. ಬುಧವಾರ ಮಾತ್ರ ರಜೆ. ಎಲಿಫೆಂಟಾಕ್ಕೆ ಹೋಗಬೇಡಿ. ಗುಹೆಗಳು ಬಹಳ ಚಂದ, ಆದರೆ ಅಲುಗಾಡುವ ಬೋಟಿನಿಂದ ಇಳಿದು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವುದು ಆ ಮಂಡಿಗೆ ಆಗಲಿಕ್ಕಿಲ್ಲ.

ಮಾಟುಂಗಾಕ್ಕೆ ಸ್ಲೋ ಲೋಕಲ್ ಮಾತ್ರ ನಿಲ್ಲುವುದು. ಬೆಳಿಗ್ಗೆ ಹನ್ನೊಂದರ ನಂತರ ಡೊಂಬಿವಲಿಯಿಂದಲೇ ಹೊರಡುವ ಗಾಡಿ ನೋಡಿ ಹತ್ತಿ, ಕೂರಲಿಕ್ಕೆ ಜಾಗ ಸಿಗುತ್ತದೆ. ಭಾನುವಾರ ಮೆಗಾಬ್ಲಾಕ್ (ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು) ಇದ್ದರೆ ಹೊರಡಲೇಬೇಡಿ.

ಫಿಜಿಯೋ ಅಕ್ಕ, ಮುಲುಂಡ್

ಮೆಟ್ಟಿಲ ಬಗ್ಗೆ ಮಾತ್ರ ಹೇಳ್ತೀನಿ. ಹತ್ತುವಾಗ ನೋವು ಕಡಿಮೆ ಇರೋ ಕಾಲು ಮೊದಲು, ಇಳಿಯುವಾಗ ನೋವಿರೋ ಕಾಲು ಮೊದಲು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಸೇರಿಸಿ ನಿಂತು ಮುಂದಿನದು. ಒಂದು ಕೈ ಕಂಬಿ ಮೇಲೆ ಇರಲಿ. ಪ್ರತಿ ಮಹಡಿ ತಿರುವಿನಲ್ಲೂ ಒಂದು ಪ್ಲಾಸ್ಟಿಕ್ ಕುರ್ಚಿ ಇಡೋಕೆ ಸೊಸೈಟಿಯವರನ್ನ ಕೇಳಿ, ಕೂತು ಸುಧಾರಿಸ್ಕೊಂಡು ಹತ್ತಬಹುದು. ದಿನಕ್ಕೆ ಒಂದೇ ಸಲ ಇಳಿಯೋ ಹಾಗೆ ಕೆಲಸ ಜೋಡಿಸ್ಕೊಳ್ಳಿ. ಶೌಚಾಲಯದ ಗೋಡೆಗೆ ಹಿಡಿಕೆ ಅವರು ಬರೋ ಮೊದಲೇ ಹಾಕಿಸಿ. ಮೊಣಕಾಲು ಊದಿಕೊಂಡಿದ್ದರೆ, ಬಿಸಿ ಆಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಗೋಕಾಕದವ, ನೇರುಳ

ಅಕ್ಕಾರ, ಎರಡು ಮಾತು.

ಒಂದು, ನಿಮ್ಮ ಮನಿಗೆ ಬಾಳ ಸಮೀಪ ಅಂಬರನಾಥದ ಶಿವನ ಗುಡಿ ಐತಿ. ಮಂದಿ ಮುಂಬೈ ಕಡೆ ಮುಖ ಮಾಡಿ ಓಡ್ತಾರ, ಇದು ಉಲ್ಟಾ ದಿಕ್ಕಿಗೆ, ಮುಂಜಾನೆ ಹೊತ್ತಿನ್ಯಾಗ ಗಾಡಿ ಖಾಲಿ ಇರ್ತಾವ. ಶಿಲಾಹಾರ ಅರಸರ ಕಾಲದ ಗುಡಿ, 1060ರ ಶಾಸನ ಐತಿ. ಆ ಶಿಲಾಹಾರರು ಮೊದಲ ನಮ್ಮ ರಾಷ್ಟ್ರಕೂಟರ ಸಾಮಂತರು. ಕರೀಕಲ್ಲಿನ್ಯಾಗ ಹೊರಗಿನ ಗ್ವಾಡಿ ತುಂಬ ಕೆತ್ತನಿ. ಬಾದಾಮಿ, ಪಟ್ಟದಕಲ್ಲು ನೋಡಿ ಬೆಳೆದ ಮಂದಿಗೆ ಇದು ಪರಕೀಯ ಅನಸೂದ ಇಲ್ಲ. ಗರ್ಭಗುಡಿ ಕೆಳಗ ಐತಿ, ಮೆಟ್ಟಲ ಇಳೀಬೇಕು, ಅದಕ್ಕ ಅಮ್ಮಾರು ಮ್ಯಾಲಿಂದ ಕೈ ಮುಗದ್ರೂ ನಡೀತೈತಿ.

ಎರಡು, ಮುಧೋಳ ಅಂದ್ರ ಶ್ರೀಕೃಷ್ಣ ಪಾರಿಜಾತ ಬಯಲಾಟದ ಸೀಮಿ. ಅವರ ವಯಸ್ಸಿನವರು ರಾತ್ರಿಯೆಲ್ಲಾ ಕುಂತು ನೋಡಿದವರು, ಆ ಆಟದಾಗ ಹೆಸರಾದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ತಗೀರಿ, ಮಾತಿಗೆ ಕೊನಿ ಇರೂದಿಲ್ಲ. ಯೂಟ್ಯೂಬಿನ್ಯಾಗ ಪಾರಿಜಾತದ ವಿಡಿಯೋ ಬೇಕಾದಷ್ಟು ಅದಾವ. ಟಿವಿಗೆ ಹಚ್ಚೂ ಕೆಲಸ ನಿಮ್ಮ ಮಗಗ ಕೊಡ್ರಿ. ಗೊಲ್ಲತಿ ಯಾರು, ಕೊರವಂಜಿ ಯಾಕ ಬಂದಳು ಅಂತ ಅವ ಆಯಿನ್ನ ಕೇಳಲಿ. ಕನ್ನಡ ಮಾತಾಡು ಅಂತ ಹುಡುಗಗ ಎಷ್ಟು ಹೇಳಿದ್ರೂ ಆಗೂದಿಲ್ಲ, ಕತಿ ಮುಂದೇನಾತು ಅನ್ನೂ ಆಸೆ ಹತ್ತಿದ್ರ ತಾನ ಮಾತಾಡ್ತಾನ.

ಮಂಡ್ಯದ ಮಗಳು, ಡೊಂಬಿವಲಿ

ಅತ್ತೆ ಬಂದಿದ್ದಾರೆ! ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್.

ಕಲ್ಯಾಣದಲ್ಲೇ ಇಳಿಸ್ಕೊಂಡ್ವಿ. ಒಂದು ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಜೊತೆಗೆ ನನಗೇ ಅಂತ ಅಂಟಿನುಂಡೆ. ನಾನೀಗ ಬಾಣಂತಿ ಅಲ್ಲ ಅತ್ತೆ ಅಂದೆ, "ದುಡೀತಿಯಲ್ಲ, ತಿನ್ನು" ಅಂದರು. ಕುರ್ಚಿ ಕೇಳೋಕೆ ಹೋದರೆ ಎರಡನೇ ಮಹಡಿ ಕಾಕೂ ತಮ್ಮ ಮನೆಯದೇ ತಂದು ಇಟ್ಟರು. ಈಗ ಅತ್ತೆ ಅಲ್ಲಿ ಕೂತಾಗೆಲ್ಲ ಕಾಕೂ ಬಾಗಿಲು ತೆಗೀತಾರೆ, ಚಹಾ ಆಗುತ್ತೆ. ಮೇಲೆ ಬರೋದೇ ಅರ್ಧ ಗಂಟೆ ಆದ ಮೇಲೆ.

ರೊಟ್ಟಿ ವಿಷಯದಲ್ಲಿ ವಿಜಾಪುರದಕ್ಕ ಹೇಳಿದ ಹಾಗೇ ಆಯ್ತು. ನಾನು ಬಡಿದಿದ್ದನ್ನ ಪೂರ್ತಿ ತಿಂದು, ಮಾರನೇ ದಿನ ಸೆರಗು ಸಿಕ್ಕಿಸ್ಕೊಂಡು ಅಡುಗೆಮನೆಗೆ ಬಂದರು. ನಾನು ತಡೀಲಿಲ್ಲ. ಸಂಜೆ ಮಗನ ಜೊತೆ ತರಕಾರಿಗೆ ಹೋದೋರು ಗುಡ್ಡೆ ಹಾಕಿದ್ದ ಸೊಪ್ಪಲ್ಲಿ ಒಂದು ಎಲೆ ಹರಿದು ಬಾಯಿಗೆ ಹಾಕ್ಕೊಂಡು "ಪುಂಡಿಪಲ್ಲೆ!" ಅಂದರಂತೆ. ಸೊಪ್ಪು ಮಾರೋ ಹೆಂಗಸು ತಟ್ಟನೆ ಕನ್ನಡದಲ್ಲೇ "ನಿಮ್ಮದು ಯಾವೂರು ಯವ್ವಾ" ಅಂದಳಂತೆ. ಅವಳದು ಅಕ್ಕಲಕೋಟೆ ಹತ್ತಿರ. ನಾನು ಅವಳ ಹತ್ತಿರ ಎಷ್ಟೋ ಸಲ ಹಿಂದೀಲಿ ಚೌಕಾಸಿ ಮಾಡಿ ಸೊಪ್ಪು ತಂದಿದೀನಿ. ಈಗ ಮಗನೂ ಅವಳನ್ನ ಕನ್ನಡದಲ್ಲೇ ಮಾತಾಡಿಸ್ತಾನೆ, ಅತ್ತೆ ಥರಾನೇ "ಏನಬೇ" ಅಂತ.

ಅಂಬರನಾಥ ನೋಡಿ ಬಂದ್ವಿ. ರಾಣಿಬಾಗ್ ಮುಂದಿನ ವಾರ. ಪಾರಿಜಾತ ದಿನಾ ರಾತ್ರಿ ಊಟ ಆದ ಮೇಲೆ ಸ್ವಲ್ಪ ಸ್ವಲ್ಪ ನಡೀತಿದೆ, ಮಧ್ಯೆ ನಿಲ್ಲಿಸಿ ಅತ್ತೆ ಹಾಡಿ ತೋರಿಸ್ತಾರೆ.

ಕೌದಿ ಮಾತೆತ್ತಿದೆ. "ಹಳೀ ಸೀರಿ ಎಷ್ಟ ಅದಾವ ತಗಿ ನೋಡೂಣು" ಅಂದರು. ನನ್ನ ಹತ್ತಿರ ಜಾಸ್ತಿ ಇರೋದು ಸಿಂಥೆಟಿಕ್ಕು. ಅದು ನಡೆಯುತ್ತಾ? ದಾರ, ಸೂಜಿ ಯಾವುದು ತರಲಿ?

ವಿಜಾಪುರದಾಕಿ, ಕಲ್ಯಾಣ

ಸಿಂಥೆಟಿಕ್ ಬ್ಯಾಡ, ಜಾರತೈತಿ, ಟಾಕಿ ನಿಂದರೂದಿಲ್ಲ, ಬೆವರೂ ಹೀರೂದಿಲ್ಲ. ಮ್ಯಾಲಿನ ಪದರಕ್ಕ ಬಣ್ಣಕ್ಕಂತ ತುಂಡು ಹಚ್ಚಬೇಕಂದ್ರ ಹಚ್ಚಲಿ, ಒಳಗೆಲ್ಲಾ ನೂಲಿಂದ ಇರಬೇಕು. ಎರಡನೇ ಮಹಡಿ ಕಾಕೂನ ಕೇಳು, ಅವರ ಕಡೆ ನೂಲಿನ ಸೀರಿ ಇದ್ದ ಇರ್ತಾವ. ದಾರ ದಪ್ಪ ಹತ್ತೀದು, ಸೂಜಿ ಉದ್ದಂದು, ಕಣ್ಣು ದೊಡ್ಡದಿರಬೇಕು. ನಮ್ಮವ್ವ ಬಿಟ್ಟುಹೋದ ಎರಡು ಸೂಜಿ, ಮೂರು ಉಂಡಿ ದಾರ ನನ್ನ ಕಡೆ ಅದಾವ. ಮನಿ ವಿಳಾಸ ಮೆಸೇಜ್ ಮಾಡು, ಶನಿವಾರ ಮಧ್ಯಾಹ್ನ ನಾನ ತಗೊಂಡು ಬರ್ತೀನಿ. ಪುಂಡಿಪಲ್ಲೆ ಉಳದಿದ್ರ ನನಗೊಂದು ತಾಟು ಇಡಾಕ ಹೇಳು ನಿಮ್ಮತ್ತಿಗೆ.