ಮಲಗಿದಲ್ಲೇ ಇರುವ ಅತ್ತೆಗೆ ದಿಂಬು ಹೊಲಿಸಬೇಕು, ಅನುಭವ ಇದ್ದವರು ಹೇಳಿ

ನೀರ್ಚಾಲಿನಿಂದ ಪ್ರಶ್ನೆ:
ಅತ್ತೆಗೆ 78 ವರ್ಷ. ಸ್ಟ್ರೋಕ್ ಆಗಿ ಎಡಗೈ, ಎಡಗಾಲಿಗೆ ಬಲ ಇಲ್ಲ. ಮಲಗಿದಲ್ಲೇ ಎರಡು ತಿಂಗಳಾಯಿತು. ಮೊನ್ನೆ ಮೈ ಒರೆಸುವಾಗ ನೋಡಿದರೆ ಬಾಲಮೂಳೆಯ ಹತ್ತಿರ ಕೆಂಪಾಗಿದೆ. ಪೇಟೆಯ ಹಾಸಿಗೆ ಅಂಗಡಿಯವರು "ಅಳತೆ ತನ್ನಿ, ಫೋಮ್ ಕೊಯ್ದು ಕೊಡುತ್ತೇನೆ" ಅಂದಿದ್ದಾರೆ. ತಲೆಯಿಂದ ಕಾಲಿನವರೆಗೆ ಮೈಯ ಆಕಾರಕ್ಕೆ ಒಂದೇ ಕುಶನ್, ಕೆಂಪಾದ ಜಾಗಕ್ಕೆ ಸರಿಯಾಗಿ ಒಂದು ತೂತು, ಹೀಗೆ ಮಾಡಿಸುವ ಅಂತ ಯೋಚನೆ. ಮಾಡಿಸಿದವರು ಇದ್ದೀರಾ?

ಪೈವಳಿಕೆಯಿಂದ:
ಅಕ್ಕಾ, ಆರ್ಡರ್ ಕೊಡುವ ಮೊದಲು ಸ್ವಲ್ಪ ನಿಲ್ಲಿ. ಅಪ್ಪನಿಗೆ ಇದನ್ನೇ ಮಾಡಿಸಿ ಪೆಟ್ಟು ತಿಂದವಳು ನಾನು. ತೂತಿನ ಜಾಗಕ್ಕೇನೋ ಒತ್ತು ಬೀಳುವುದಿಲ್ಲ. ಆದರೆ ಅದರ ಅಂಚು ಸುತ್ತಲೂ ಒತ್ತುತ್ತದೆ, ನಡುವಿನ ಚರ್ಮಕ್ಕೆ ರಕ್ತ ಹೋಗುವ ದಾರಿಯೇ ಕಟ್ಟುತ್ತದೆ. ಒಂದೇ ವಾರಕ್ಕೆ ಅಪ್ಪನ ಸೊಂಟದಲ್ಲಿ ಬಳೆಯ ಹಾಗೆ ಗುರುತು ಬಿತ್ತು. ಗಾಳಿ ತುಂಬುವ ರಬ್ಬರ್ ರಿಂಗ್ ಕೂಡ ಇದೇ ಜಾತಿ, ತರಬೇಡಿ.

ಮೈಯ ಆಕಾರಕ್ಕೆ ಒಂದೇ ಅಚ್ಚು ಮಾಡಿದರೆ ಇನ್ನೊಂದು ತೊಂದರೆ ಉಂಟು. ಮಗ್ಗುಲು ತಿರುಗಿಸಲಿಕ್ಕೇ ಆಗುವುದಿಲ್ಲ. ನಮಗೆ ಬೇಕಾದದ್ದೇ ಎರಡು ಗಂಟೆಗೊಮ್ಮೆ ತಿರುಗಿಸುವುದು ಅಲ್ವಾ? ಹಾಗಾಗಿ ಸಣ್ಣ ಸಣ್ಣ ತುಂಡುಗಳನ್ನೇ ಮಾಡಿಸಿ.

ಮೊದಲು ಬೇಕಾದದ್ದು ಇಳಿಜಾರು ದಿಂಬು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಬದಿಯ ಮೂಳೆ ಒತ್ತುತ್ತದೆ. 30 ಡಿಗ್ರಿ ವಾಲಿಸಿದರೆ ಸಾಕು. 10 ಇಂಚು ಅಗಲ, 6 ಇಂಚು ಎತ್ತರ, 2 ಅಡಿ ಉದ್ದದ ಫೋಮ್ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಕೊಯ್ಯಲು ಹೇಳಿ. ಒಂದರ ದುಡ್ಡಿಗೆ ಎರಡು ದಿಂಬು! ತೀರಾ ಮೆತ್ತಗಿನ ಫೋಮ್ ಬೇಡ, ಅದು ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ನಾವು 32 ಡೆನ್ಸಿಟಿ ತಂದೆವು. ಭುಜದಿಂದ ಸೊಂಟದವರೆಗೆ ಬೆನ್ನಿನ ಹಿಂದೆ ಇಟ್ಟ ಮೇಲೆ ಬಾಲಮೂಳೆಯ ಕೆಳಗೆ ಅಂಗೈ ತೂರಿಸಿ ನೋಡಿ. ಮೂಳೆ ಕೈಗೆ ಒತ್ತಿದರೆ ದಿಂಬು ಸರಿಯಾಗಿ ಕೂತಿಲ್ಲ.

ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಕೈಮೀರಿಲ್ಲ. ಒತ್ತಿದರೂ ಕೆಂಪು ಹಾಗೇ ನಿಂತರೆ ಹುಣ್ಣು ಶುರುವಾಗಿದೆ ಅಂತಲೇ ಲೆಕ್ಕ. ಮೊದಲೇ ಕಪ್ಪು ಮೈಬಣ್ಣದವರಾದರೆ ಕೆಂಪು ಕಾಣುವುದಿಲ್ಲ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಎಣ್ಣೆ ಹಾಕಿ ಆ ಜಾಗ ಉಜ್ಜಬೇಡಿ. ದಿಂಬಿನ ಕೆಲಸ ಆಮೇಲೆ, ಇವತ್ತೇ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್‌ಗೆ (ಮಲಗಿದಲ್ಲೇ ಇರುವವರನ್ನು ಮನೆಗೇ ಬಂದು ನೋಡುವ ನರ್ಸ್) ಫೋನ್ ಮಾಡಿ.

ಕುಂಬಳೆಯಿಂದ:
ನಮ್ಮ ಮನೆಗೆ ಬಂದ ಸಿಸ್ಟರ್ ಮಲಯಾಳಿ. "ಕಾಲಿಗೆ ಎರಡು ತಲಯಣ ಕೊಡಿ" ಅಂದರು. ಮಲಯಾಳದಲ್ಲಿ ದಿಂಬಿಗೆ ತಲಯಣ ಅನ್ನುವುದು. ಅಜ್ಜಿ "ಕಾಲಿಗೆ ಎಂತಕ್ಕೆ ತಲೆದಿಂಬು ಮಾರಾಯ್ತಿ, ತಲೆ ಇಲ್ಲುಂಟು" ಅಂದದ್ದಕ್ಕೆ ಮನೆಯೆಲ್ಲ ನಗು. ಆದರೆ ಅಜ್ಜಿಯ ಹಿಮ್ಮಡಿ ಉಳಿಸಿದ್ದು ಆ ತಲಯಣವೇ. ಮೊಣಕಾಲಿನಿಂದ ಪಾದದ ಗಂಟಿನ ಮೇಲಿನವರೆಗೆ ಉದ್ದಕ್ಕೆ ಇಡಬೇಕು, ಮೊಣಕಾಲು ಚೂರು ಮಡಚಿರಬೇಕು. ಹಿಮ್ಮಡಿ ಗಾಳಿಯಲ್ಲಿ ನಿಲ್ಲಬೇಕು, ಅದರ ಕೆಳಗೆ ಪೇಪರ್ ಸಲೀಸಾಗಿ ಹಾಯಬೇಕು.

ಊಟ ಕೊಡಲು ತಲೆಯ ಕಡೆ ಎತ್ತುವಾಗಲೂ ಮೊದಲು ಮೊಣಕಾಲಿನ ಕೆಳಗೆ ದಿಂಬು ಇಡಿ. ಇಲ್ಲದಿದ್ದರೆ ಮೈ ಜಾರುತ್ತದೆ, ಬೆನ್ನಿನ ಚರ್ಮ ಹಾಸಿಗೆಗೆ ಉಜ್ಜುತ್ತದೆ.

ಮುಳ್ಳೇರಿಯದಿಂದ:
ತಲೆಯ ವಿಷಯ ಯಾರೂ ಹೇಳಲಿಲ್ಲ. ಅಕ್ಕನ ಮಗನಿಗೆ 14 ವರ್ಷ, ಹುಟ್ಟಿನಿಂದಲೇ ಕುತ್ತಿಗೆ ನಿಲ್ಲುವುದಿಲ್ಲ. ಅವನಿಗೆ ಕುದುರೆ ಲಾಳದ ಆಕಾರದ ದಿಂಬು ಹೊಲಿಸಿದೆವು. ಎರಡೂ ಬದಿ ಎತ್ತರ, ತಲೆ ವಾಲುವುದಿಲ್ಲ. ಮೊದಲ ಸಲ ಹಿಂಭಾಗ ದಪ್ಪವಾಗಿ ಗದ್ದ ಎದೆಗೆ ತಾಗುತ್ತಿತ್ತು, ಬಿಚ್ಚಿ ಫೋಮ್ ತೆಗೆಸಿದೆವು. ಪಕ್ಕಕ್ಕೆ ಮಲಗಿದಾಗ ದಿಂಬಿನ ದಪ್ಪ ಎಂದರೆ ಕುತ್ತಿಗೆಯಿಂದ ಭುಜದ ತುದಿಯವರೆಗಿನ ಅಂತರ. ಬೆನ್ನು, ಕುತ್ತಿಗೆ ಒಂದೇ ಗೆರೆಯಲ್ಲಿ ಇರಬೇಕು. ಕಿವಿ ನೋಡುವುದು ಮರೆಯಬೇಡಿ. ಅಂದಕ್ಕೆ ಅಂತ ಟೈಲರ್ ಅಂಚಿಗೆ ಹೊಲಿದ ಉಬ್ಬು ಪಟ್ಟಿ (ಪೈಪಿಂಗ್) ಇವನ ಕಿವಿ ಕೊರೆದಿತ್ತು.

ಸ್ಟ್ರೋಕ್ ಆದ ಎಡಗೈಗೆ ಬೇರೆ ದಿಂಬು ಬೇಕು, ಭುಜದ ಹಲಗೆಯಿಂದ ಬೆರಳಿನವರೆಗೆ ಪೂರ್ತಿ. ತಿರುಗಿಸುವಾಗ ಆ ಕೈ ಹಿಡಿದು ಎಳೆಯಲೇಬಾರದು.

ಮಂಜೇಶ್ವರದಿಂದ:
ರೆಕ್ಸಿನ್ ಕವರ್ ಬೇಡ. ಬೆವರು ಹೀರುವುದಿಲ್ಲ. ನಮ್ಮ ಸೆಕೆಗೆ ಮೈ ನೆನೆದು ಚರ್ಮ ಮೆತ್ತಗಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಎರಡು ಜೊತೆ ಕವರ್ ಹೊಲಿಸಿ, ಜಿಪ್ ಅಡಿಬದಿಗೆ ಬರಲಿ. ಬೂರುಗದ ಹತ್ತಿ ಮೆತ್ತಗೇನೋ ಹೌದು, ಆದರೆ ಗಂಟು ಕಟ್ಟುತ್ತದೆ, ಮಳೆಗಾಲದಲ್ಲಿ ಒದ್ದೆಯಾದರೆ ಮುಗಿಯಿತು. ಫೋಮ್ ತೊಳೆದರೆ ನಾವು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯೊಳಗೆ ನಿಲ್ಲಿಸುತ್ತೇವೆ. ಜುಲೈಯಲ್ಲಿ ಹೇಗೂ ಅದು ಖಾಲಿ.

ನೀರ್ಚಾಲಿನಿಂದ ಮತ್ತೆ:
ಎಲ್ಲರಿಗೂ ಉಪಕಾರ ಆಯಿತು. ತೂತಿನ ಕುಶನ್ ಬಿಟ್ಟೆ. ಸಿಸ್ಟರ್ ಬಂದು ನೋಡಿದರು, ಒತ್ತಿದರೆ ಬಿಳಿಚುತ್ತದೆ. ಇಳಿಜಾರು ದಿಂಬು ಎರಡು ಬಂತು. ಹಿಮ್ಮಡಿಯ ಕೆಳಗೆ ಪೇಪರ್ ಹಾಯುತ್ತದೆ. ಆದರೆ ಅತ್ತೆ ಬಲಗೈಯಿಂದ ಕಾಲಿನ ದಿಂಬು ಎಳೆದು ತಲೆಯಡಿ ಇಟ್ಟುಕೊಳ್ಳುತ್ತಾರೆ, ರಾತ್ರಿ ಎರಡು ಸಲ ಆಯಿತು. ಇದಕ್ಕೆ ಯಾರ ಹತ್ತಿರವಾದರೂ ಉಪಾಯ ಉಂಟಾ?